ಕೊರಳಿಗೇರುವ ಕಂಪು: ಹಾವೇರಿಯ ಏಲಕ್ಕಿ ಮಾಲೆ

ಪ್ಯಾರಿಸ್, ಮಿಲಾನ್ ನಗರಗಳ ಫ್ಯಾಷನ್ ಹಂಗಾಮು ವರ್ಷಕ್ಕೆ ಎರಡು ಸಲ ಬರುತ್ತದೆ. ಹಾವೇರಿಯ ಮಾಲೆಗಾರರಿಗೆ ಅಂಥ ನಿಗದಿತ ಕ್ಯಾಲೆಂಡರ್ ಇಲ್ಲ. ಮದುವೆಯ ಮುಹೂರ್ತ, ಜಾತ್ರೆ, ಸನ್ಮಾನ, ಚುನಾವಣೆ ಇವೇ ಅವರ ಹಂಗಾಮು. ರೂಪದರ್ಶಿಯ ಉಡುಪಿನಂತೆ ಏಲಕ್ಕಿ ಮಾಲೆಯೂ ವೇದಿಕೆಯ ಮೇಲೆ ಕೊರಳಲ್ಲಿರುವುದು ಕೆಲವೇ ನಿಮಿಷ. ಅದರ ಹಿಂದಿನ ಕೈಕೆಲಸ ಮಾತ್ರ ದೊಡ್ಡದು.

ಹಾವೇರಿ ಜಿಲ್ಲೆಯದೇ ಆದ ಬ್ಯಾಡಗಿಗೆ ಹೆಸರು ತಂದದ್ದು ಸುತ್ತಲಿನ ಹೊಲಗಳಲ್ಲೇ ಬೆಳೆಯುವ ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದರ ಕಡುಗೆಂಪು ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗಿದೆ. ರಾಣೆಬೆನ್ನೂರು ಹತ್ತಿ ಮತ್ತು ಬಿತ್ತನೆ ಬೀಜದ ಊರು. ಆದರೆ ‘ಏಲಕ್ಕಿ ಕಂಪಿನ ನಗರ’ ಎನಿಸಿಕೊಂಡ ಹಾವೇರಿಯ ಬಯಲಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಹಿಂದೆ ಮಲೆನಾಡಿನಿಂದ ಬರುತ್ತಿದ್ದ ಕಾಯಿಗಳನ್ನು ಇಲ್ಲಿ ಅಂಟುವಾಳದ ನೀರಿನಲ್ಲಿ ತೊಳೆದು, ಬಿಳುಪೇರಿಸಿ, ಒಣಗಿಸಿ ಮಾರುತ್ತಿದ್ದರು. ಬೆಳೆ ಬೇರೆಯವರದು, ಹದ ಹಾವೇರಿಯದು.

ಮಾಲೆಯ ಕಸುಬಿನಲ್ಲಿ ಮೊದಲು ಕೇಳಿಬರುವುದು ಪಟವೇಗಾರರ ಹೆಸರು. ರೇಷ್ಮೆ, ನೂಲಿನ ಕೆಲಸ ಬಲ್ಲ ಈ ಮುಸ್ಲಿಂ ಮನೆತನ ತಲೆಮಾರುಗಳಿಂದ ಏಲಕ್ಕಿ ಪೋಣಿಸುತ್ತ ಬಂದಿದೆ. ಅವರ ಕೈಯ ಮಾಲೆ ಮಠಾಧೀಶರಿಗೂ ಮಂತ್ರಿಗಳಿಗೂ ಮದುಮಕ್ಕಳಿಗೂ ಸಲ್ಲುತ್ತದೆ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ ನಾಡಿನ ಗಮನ ಈ ಕಸುಬಿನತ್ತಲೂ ಹರಿಯಿತು.

ಕೆಲಸ ಶುರುವಾಗುವುದು ಆಯುವುದರಿಂದ. ಒಡೆದದ್ದು, ಸೊರಗಿದ್ದು, ಬಣ್ಣಗೆಟ್ಟದ್ದು ಪಕ್ಕಕ್ಕೆ ಹೋಗುತ್ತದೆ. ಒಂದೇ ಗಾತ್ರದ ಕಾಯಿಗಳು ಉಳಿಯುತ್ತವೆ. ಅವುಗಳನ್ನು ಸೂಜಿಯಿಂದ ಒಂದೊಂದಾಗಿ ಏರಿಸಬೇಕು. ಸೂಜಿ ಓರೆಯಾದರೆ ಸಿಪ್ಪೆ ಸೀಳಿ ಕಾಳು ಉದುರುತ್ತದೆ. ಹೀಗೆ ಕಟ್ಟಿದ ಎಳೆಗಳನ್ನು ಜೋಡಿಸಿ, ನಡುನಡುವೆ ಮಣಿ, ಜರಿ, ಬಣ್ಣದ ದಾರ ಸೇರಿಸಿ, ತುದಿಗೆ ಗೊಂಡೆ ಕಟ್ಟುತ್ತಾರೆ. ಎಳೆ ಹೆಚ್ಚಿದಷ್ಟೂ ಮಾಲೆಯ ಭಾರ, ಬೆರಗು, ಬೆಲೆ ಮೂರೂ ಏರುತ್ತವೆ.

ಹೂವಿನ ಹಾರ ಸಂಜೆಗೆ ಬಾಡುತ್ತದೆ. ಏಲಕ್ಕಿ ಮಾಲೆಯನ್ನು ತೇವ ತಾಗದಂತೆ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕುವವರಿದ್ದಾರೆ.

ಮಾಲೆಗಾರರ ಚಿಂತೆ ಇರುವುದು ಕಚ್ಚಾ ಮಾಲಿನಲ್ಲಿ. ಇಂದು ಏಲಕ್ಕಿಯ ದರ ಬಹುಮಟ್ಟಿಗೆ ನಿಗದಿಯಾಗುವುದು ಕೇರಳದ ಪುಟ್ಟಡಿ, ತಮಿಳುನಾಡಿನ ಬೋಡಿನಾಯಕನೂರಿನ ಹರಾಜುಗಳಲ್ಲಿ. ಅಲ್ಲಿ ದರ ಜಿಗಿದರೆ ಇಲ್ಲಿ ಮಾಲೆ ತುಟ್ಟಿಯಾಗುತ್ತದೆ, ಗಿರಾಕಿ ಚೌಕಾಸಿಗೆ ನಿಲ್ಲುತ್ತಾನೆ. ಹರಾಜಿನ ದರವನ್ನು ಯಾರೂ ಇಳಿಸಲಾರರು. ಚೌಕಾಸಿಯಲ್ಲಿ ಕರಗುವುದು ಪೋಣಿಸಿದವರ ಕೂಲಿ. ಮಾಲೆ ಕೊಳ್ಳುವವರು ಏಲಕ್ಕಿಯ ತೂಕದ ಜೊತೆ ಆ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.