ರೇಷ್ಮೆ ದಾರವೂ ಹಲ್ಲಿನ ಸಂದಿಯೂ

ಮಾವಿನ ಸೀಸನ್ ಬಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಹಬ್ಬ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಗೆಳೆಯರು ಊರಿಂದ ಹಣ್ಣು ತರ್ತಾರೆ. ತಿಂದಾದ ಮೇಲೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರು ತೆಗೆಯೋಕೆ ಎಲ್ಲರೂ ಗುಂಡುಪಿನ್ನು ಹುಡುಕ್ತೀವಿ!

ಈ ಸಲ ನಮ್ಮಲ್ಲೊಬ್ಬನಿಗೆ ಎರಡು ದವಡೆ ಹಲ್ಲುಗಳ ನಡುವೆ ಹುಳುಕು ಇದೆ ಅಂತ ಗೊತ್ತಾಯ್ತು. ಅವನು ದಿನಕ್ಕೆರಡು ಸಲ ಬ್ರಷ್ ಮಾಡುವವನು. ಹಾಗಾದ್ರೆ ತಪ್ಪಿದ್ದೆಲ್ಲಿ?

ಲೆಕ್ಕ ಸುಲಭ. ದವಡೆ ಹಲ್ಲಿಗೆ 5 ಮುಖಗಳು. ಹೊರಗಿನದು, ಒಳಗಿನದು, ಅಗಿಯುವ ಮೇಲ್ಭಾಗ, ಈ 3ಕ್ಕೆ ಬ್ರಷ್ ತಲುಪುತ್ತೆ. ಪಕ್ಕದ ಹಲ್ಲಿಗೆ ತಾಗುವ 2 ಮುಖಗಳಿಗೆ ಸರಿಯಾಗಿ ತಲುಪಲ್ಲ. ಅಲ್ಲಿ ಕೂರುವ ಬ್ಯಾಕ್ಟೀರಿಯಾ ಪದರವೇ ಪ್ಲಾಕ್. ಅದು ಸಕ್ಕರೆಯನ್ನು ಆಮ್ಲವಾಗಿಸಿ ಎನಾಮಲ್ ಕರಗಿಸುತ್ತೆ, ವಸಡನ್ನೂ ಊದಿಸುತ್ತೆ. ಗಟ್ಟಿಯಾದ ಮೇಲೆ ಡಾಕ್ಟರೇ ಕ್ಲೀನ್ ಮಾಡಬೇಕು.

ಸಂದಿ ಬಿಗಿಯಾಗಿದ್ದರೆ ಫ್ಲಾಸ್ ದಾರ ಬಳಸಬೇಕು. ಸುಮಾರು 45 ಸೆಂಟಿಮೀಟರ್ ತಗೊಂಡು ಎರಡೂ ಕೈಯ ಬೆರಳಿಗೆ ಸುತ್ತಿ, ನಿಧಾನವಾಗಿ ಇಳಿಸಿ, ಹಲ್ಲನ್ನು ತಬ್ಬುವಂತೆ ಬಾಗಿಸಿ ಮೇಲೆ ಕೆಳಗೆ ಉಜ್ಜಬೇಕು. ಗರಗಸದ ಹಾಗೆ ಎಳೆದರೆ ವಸಡು ಕೊಯ್ಯುತ್ತೆ. ಸಂದಿ ಅಗಲವಿದ್ದರೆ ಅಥವಾ ಬ್ರೇಸಸ್ ಹಾಕಿದ್ದರೆ ಸಂದಿಗೆ ಹೊಂದುವ ಸೈಜಿನ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಒಳ್ಳೆಯದು. ಶುರುವಿನಲ್ಲಿ ಸ್ವಲ್ಪ ರಕ್ತ ಬಂದ್ರೆ ಹೆದರಬೇಡಿ. ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರ್‌ಗೆ ತೋರಿಸಿ. ಪಿನ್ನು, ಬೆಂಕಿಕಡ್ಡಿ ಮಾತ್ರ ಬೇಡವೇ ಬೇಡ.

ಈ ದಾರಕ್ಕೂ ರಾಮನಗರಕ್ಕೂ ಒಂದು ನಂಟಿದೆ. 1819ರಲ್ಲಿ ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ ತಮ್ಮ ಪುಸ್ತಕದಲ್ಲಿ ಹೇಳಿದ್ದು ಮೇಣ ಸವರಿದ ರೇಷ್ಮೆ ದಾರ ಬಳಸಿ ಅಂತ. ನೈಲಾನ್ ಬಂದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರಿನವರಾಗಿ ನಾವೇ ಪಿನ್ನು ಹುಡುಕೋದಾ?

ಬಿಡಿಎಸ್ ಓದ್ತಿರೋ ನಮ್ಮ ಗೆಳೆಯನ ಅಕ್ಕನನ್ನು, "ನೀವು ದಿನಾ ಫ್ಲಾಸ್ ಮಾಡ್ತೀರಾ ಅಕ್ಕ?" ಅಂತ ಕೇಳಿದ್ವಿ. ಅವರು ನಕ್ಕು, "ಪರೀಕ್ಷೆಯಲ್ಲಿ ಕೇಳಿದ್ರೆ ಪೂರ್ತಿ ಬರೀತೀನಿ ಕಣ್ರೋ, ರಾತ್ರಿ ನಿದ್ದೆ ಬಂದ್ರೆ ಮಲಗಿಬಿಡ್ತೀನಿ" ಅಂದ್ರು. ಹಲ್ಲಿನ ಬಗ್ಗೆಯೇ ಓದೋರ ಕಥೆ ಇದು. ನಾವೂ ಹಾಗೇ ಅಲ್ವಾ? ಬ್ಯಾಕಪ್ ಇಡಬೇಕು ಅಂತ ಗೊತ್ತು, ಲ್ಯಾಪ್‌ಟಾಪ್ ಕೆಟ್ಟಾಗಲೇ ನೆನಪಾಗೋದು.

ಗೊತ್ತಿರೋದು ಅಭ್ಯಾಸ ಆಗಬೇಕಂದ್ರೆ ಅದು ಕಣ್ಣಿಗೆ ಬೀಳಬೇಕು. ಅದಕ್ಕೇ ನಾವೀಗ ಫ್ಲಾಸ್ ಡಬ್ಬಿಯನ್ನು ಬ್ರಷ್ ಪಕ್ಕದಲ್ಲೇ ಇಟ್ಟಿದ್ದೀವಿ. ಮಲಗೋ ಮುಂಚೆ ಎರಡೇ ನಿಮಿಷ. ಹುಳುಕು ಬಂದ ಗೆಳೆಯನೇ ಈಗ ನಮಗೆಲ್ಲ ನೆನಪಿಸೋನು. ನೀವೂ ಇವತ್ತು ರಾತ್ರಿಯೇ ಶುರು ಮಾಡಿ.