ಮಾಡಿನ ಮೇಲಿನ ಮೊಸಳೆ

ವಿಚಿತ್ರವಾರ್ತೆಯೊಂದು ಸಿಕ್ಕಿತೆಂದರೆ ಪಡಸಾಲೆಯ ಹರಟೆಗೆ ಕಳೆಯೇರುವುದು. ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳ ಮಹಾಪೂರದಲ್ಲಿ ರಾಯಬಾಗ ತಾಲೂಕಿನ ಮನೆಯೊಂದರ ಮಾಡಿನ ಮೇಲೆ ಮೊಸಳೆಯು ಬಾಯ್ದೆರೆದು ಮಲಗಿದ್ದ ಚಿತ್ರವನ್ನು ಕಂಡು ದೇಶವೇ ಬೆರಗಾಯಿತು. ಚಿಕ್ಕೋಡಿ, ಅಥಣಿ, ಕಾಗವಾಡಗಳ ಹೊಳೆಸಾಲಿನವರಿಗೆ ಮಾತ್ರ ಅದು ಅಷ್ಟೊಂದು ಸೋಜಿಗವಲ್ಲ. ಮೊಸಳೆಗಳು ಕೃಷ್ಣೆಯ ಹಳೆಯ ಒಕ್ಕಲುಗಳು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಯ್ದು ಕೊಯ್ನಾ ಜಲಾಶಯದ ಬಾಗಿಲುಗಳು ತೆರೆದವೆಂದರೆ ಇಲ್ಲಿ ಹೊಳೆಯು ಊರನ್ನು ಹೊಗುವುದುಂಟು.

“ಮೊಸಳೆ ಎಷ್ಟು ಉದ್ದವಿತ್ತು?” ಎಂದು ನಮ್ಮ ಮನೆಗೆ ಬಂದ ಬೀಗರು ನಗುತ್ತ ಕೇಳಿದರು. ಅಥಣಿಯ ಕಡೆಯ ಮುದುಕಿಯೊಬ್ಬರು ನಗಲಿಲ್ಲ. “ಆ ಮನೀ ಮಂದಿ ಎಲ್ಲಿದ್ರರೀ? ದನಕರಾ ಬಿಚ್ಚಿದ್ರೋ ಇಲ್ಲೋ?” ಎಂದರು. ೨೦೦೫ರ ಮಹಾಪೂರದಲ್ಲಿ ಅವರಿಗೆ ಕಣ್ಣಿ ಬಿಚ್ಚಲು ಹೊತ್ತು ಸಿಕ್ಕಿರಲಿಲ್ಲ.