ಕಾಲುಗುರಿನ ಶಿಲೀಂಧ್ರ ಸೋಂಕು: ತಿಳಿವಳಿಕೆ, ತಡೆ ಮತ್ತು ಚಿಕಿತ್ಸೆ

ಬೀರೂರು ಸುತ್ತಲಿನ ಗ್ರಾಮಗಳಲ್ಲಿ ಕಾಲು ತೇವದಲ್ಲಿಟ್ಟುಕೊಂಡೇ ದುಡಿಯುವವರು ಬಹಳ. ಅಡಿಕೆ, ತೆಂಗಿನ ತೋಟಕ್ಕೆ ನೀರು ಹಾಯಿಸುವವರು, ತರೀಕೆರೆ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಮಾಡುವವರು, ಬೆಳಿಗ್ಗೆ ಸಂಜೆ ಕೊಟ್ಟಿಗೆ ತೊಳೆಯುವ ಮಹಿಳೆಯರು, ಗಂಬೂಟು ಧರಿಸಿ ಚರಂಡಿ ಸ್ವಚ್ಛಗೊಳಿಸುವ ಸಿಬ್ಬಂದಿ ಇವರಲ್ಲಿ ಸೇರುತ್ತಾರೆ. ಇಂಥವರ ಹೆಬ್ಬೆರಳಿನ ಉಗುರು ಮೊದಲು ಅಂಚಿನಲ್ಲಿ ಹಳದಿಯಾಗಿ, ಬಳಿಕ ದಪ್ಪಗಾಗಿ, ಕೊನೆಗೆ ಪುಡಿಪುಡಿಯಾಗಿ ಉದುರುವುದುಂಟು. ಆರಂಭದಲ್ಲಿ ನೋವಿರುವುದಿಲ್ಲವಾದ್ದರಿಂದ "ಉಗುರು ಸತ್ತಿದೆ" ಎಂದು ಬಿಟ್ಟುಬಿಡುವುದೇ ವಾಡಿಕೆಯಾಗಿದೆ.

ಉಗುರಿನ ಮೇಲ್ಫಲಕ ನಿಜಕ್ಕೂ ನಿರ್ಜೀವವೇ. ಅದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದದ್ದು. ಈ ಕೆರಾಟಿನ್ನನ್ನೇ ಆಹಾರವಾಗಿಸಿಕೊಳ್ಳುವ ಶಿಲೀಂಧ್ರಗಳಿವೆ. ಟ್ರೈಕೋಫೈಟಾನ್ ರೂಬ್ರಮ್ ಎಂಬುದು ಅವುಗಳಲ್ಲಿ ಮುಖ್ಯವಾದುದು. ಮೈಮೇಲೆ ಹುಳುಕಡ್ಡಿ ಎಬ್ಬಿಸುವುದೂ ಇದೇ ಬಳಗ. ಮೇಲ್ಫಲಕಕ್ಕೆ ರಕ್ತಸಂಚಾರವಿಲ್ಲದ ಕಾರಣ ದೇಹದ ರೋಗನಿರೋಧಕ ಶಕ್ತಿ ಅಲ್ಲಿಗೆ ಸುಲಭವಾಗಿ ತಲುಪದು. ಸೋಂಕು ಸಾಮಾನ್ಯವಾಗಿ ಬೆರಳ ಸಂದುಗಳಲ್ಲಿ ತುರಿಕೆ, ಬಿಳಿಚಿದ ಚರ್ಮ ಮತ್ತು ಸಿಪ್ಪೆಯೊಂದಿಗೆ ಆರಂಭವಾಗಿ ಮೆಲ್ಲನೆ ಉಗುರಿನಡಿಗೆ ಇಳಿಯುತ್ತದೆ. ಮಕ್ಕಳಲ್ಲಿ ಇದು ಅಪರೂಪ, ವಯಸ್ಸಾದಂತೆ ಹೆಚ್ಚು.

ಆದರೆ ಕೆಟ್ಟ ಉಗುರೆಲ್ಲ ಶಿಲೀಂಧ್ರದ್ದಲ್ಲ. ವಿರೂಪಗೊಂಡ ಕಾಲುಗುರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಸೋಂಕು ಇರುತ್ತದೆಂದು ವೈದ್ಯಕೀಯ ಅಂದಾಜು. ಕಲ್ಲಿಗೆ ಎಡವಿದ ಪೆಟ್ಟು, ಬಿಗಿಯಾದ ಶೂ, ಸೋರಿಯಾಸಿಸ್ ಮುಂತಾದವು ಕೂಡ ಉಗುರನ್ನು ಹೀಗೆಯೇ ಕೆಡಿಸುತ್ತವೆ. ಉಗುರಿನ ಸುತ್ತ ಬಾತು ಕೀವಾಗುವ ಉಗುರುಸುತ್ತು ಬೇರೆಯೇ ತೊಂದರೆ. ಪೆಟ್ಟಾಗದೆಯೂ ಉಗುರಿನಡಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆದ್ದರಿಂದ ಮಾತ್ರೆಗೆ ಮುನ್ನ ಪರೀಕ್ಷೆ ಆಗಬೇಕು. ಉಗುರಿನಡಿಯ ಪುಡಿಯನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸರಳ ವಿಧಾನ. ಶಿಲೀಂಧ್ರವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಮೂರು ನಾಲ್ಕು ವಾರಗಳು ಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯುವುದು ತಪ್ಪೆಂದು ಒಪ್ಪುವ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಮೊದಲು ಅರಿಯಬೇಕಾದುದು ಕಾಲಾವಧಿ. ಕಾಲುಗುರು ತಿಂಗಳಿಗೆ ಬೆಳೆಯುವುದು ಒಂದರಿಂದ ಎರಡು ಮಿಲಿಮೀಟರ್ ಮಾತ್ರ. ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬರಲು 12ರಿಂದ 18 ತಿಂಗಳು ಹಿಡಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರ ಸೂಚಿಸುತ್ತಾರೆ. ಈ ಹನ್ನೆರಡು ವಾರ ಮುಗಿದಾಗಲೂ ಉಗುರಿನ ತುದಿ ಕೊಳಕಾಗಿಯೇ ಕಾಣುತ್ತದೆ. ಔಷಧಿ ಕೆಲಸ ಮಾಡಲಿಲ್ಲವೆಂದು ಜನ ಕೈಬಿಡುವುದು ಇಂಥ ಹಂತದಲ್ಲಿಯೇ. ನೋಡಬೇಕಾದುದು ತುದಿಯನ್ನಲ್ಲ, ಬುಡವನ್ನು: ಅಲ್ಲಿ ಸ್ವಚ್ಛ ಉಗುರು ಮೂಡಿ ಮುಂದಕ್ಕೆ ಸರಿಯುತ್ತಿದ್ದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಉಗುರಿನ ಚಿತ್ರ ತೆಗೆದಿಟ್ಟುಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಈ ಮಾತ್ರೆ ಯಕೃತ್ತಿನ ಮೇಲೆ ಪರಿಣಾಮ ಬೀರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸುವ ಕ್ರಮವಿದೆ. ಯಕೃತ್ತಿನ ಕಾಯಿಲೆಯುಳ್ಳವರು, ಮದ್ಯಪಾನಿಗಳು, ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು. ಇಟ್ರಾಕೊನಜೋಲ್ ಎಂಬ ಇನ್ನೊಂದು ಔಷಧಿ ಹೃದಯ ವೈಫಲ್ಯವಿರುವವರಿಗೆ ಹೊಂದದು; ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳೊಡನೆಯೂ ಕೂಡದು. ಸೋಂಕು ತುದಿಗಷ್ಟೇ ಸೀಮಿತವಾಗಿದ್ದರೆ ಉಗುರಿಗೆ ಬಣ್ಣದಂತೆ ಹಚ್ಚುವ ಅಮೊರಾಲ್ಫಿನ್ ದ್ರಾವಣ ಸಾಕಾಗಬಹುದು, ಆದರೆ ಅದನ್ನೂ ತಿಂಗಳುಗಟ್ಟಲೆ ಹಚ್ಚಬೇಕು. ಅರಿಶಿನ, ಬೇವಿನೆಣ್ಣೆಗಳು ದಪ್ಪ ಉಗುರಿನಾಳಕ್ಕೆ ಇಳಿದು ಸೋಂಕು ನೀಗಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸೀಮೆಎಣ್ಣೆ, ಆಸಿಡ್ ಹಚ್ಚಿದರೆ ಚರ್ಮವೇ ಸುಡುತ್ತದೆ.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವ ತುರಿಕೆ ಮುಲಾಮುಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಇವುಗಳಲ್ಲಿ ಅನೇಕವು ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೆರಾಯ್ಡ್ ಬೆರೆತವು. ತುರಿಕೆ ಎರಡೇ ದಿನದಲ್ಲಿ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ದೇಶದಲ್ಲಿ ಹುಳುಕಡ್ಡಿ ಇಂದು ಸುಲಭವಾಗಿ ಬಗ್ಗದ ಕಾಯಿಲೆಯಾಗಿರುವುದಕ್ಕೆ ಇಂಥ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮರೋಗ ತಜ್ಞರು ಹೇಳುತ್ತಾರೆ.

ಮಧುಮೇಹಿಗಳ ಪಾಲಿಗೆ ಇದು ಅಂದಚಂದದ ಪ್ರಶ್ನೆಯಲ್ಲ. ಅವರ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ದಪ್ಪಗಾದ ಉಗುರು ಪಕ್ಕದ ಚರ್ಮಕ್ಕೆ ಒತ್ತಿ ಗಾಯವಾದರೂ ತಿಳಿಯದು. ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕಾಲು ಬಾತು, ಹುಣ್ಣಾಗಿ, ಬೆರಳನ್ನೇ ತೆಗೆಯಬೇಕಾದ ಸ್ಥಿತಿಗೂ ತಲುಪಬಹುದು. ಅಂಥವರು ಪ್ರತಿದಿನ ಪಾದ ನೋಡಿಕೊಳ್ಳಬೇಕು. ಕಣ್ಣು ಮಂದವಾದ ಹಿರಿಯರ ಪಾದವನ್ನು ಮನೆಯವರು ನೋಡಬೇಕು. ಉಗುರನ್ನು ಬ್ಲೇಡಿನಿಂದ ಕೆತ್ತಬಾರದು.

ಗುಣವಾದ ಮೇಲೂ ಸೋಂಕು ಮರುಕಳಿಸುವುದು ಸಾಮಾನ್ಯವಾದ್ದರಿಂದ ತಡೆಯುವ ಕ್ರಮಗಳು ಚಿಕಿತ್ಸೆಯಷ್ಟೇ ಮುಖ್ಯ. ತೋಟದಿಂದ ಬಂದೊಡನೆ ಕಾಲು ತೊಳೆಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ; ಬೆರಳ ಸಂದು ಒರೆಸುವ ಪದ್ಧತಿ ಇಲ್ಲ. ಒಣ ಬಟ್ಟೆಯಿಂದ ಸಂದುಸಂದನ್ನೂ ಒರೆಸಬೇಕು, ಅಲ್ಲಿ ತುರಿಕೆಯಿದ್ದರೆ ಉಗುರಿನೊಡನೆ ಅದಕ್ಕೂ ಚಿಕಿತ್ಸೆ ಪಡೆಯಬೇಕು. ಸೋಂಕಿರುವವರ ನೇಲ್ ಕಟರ್, ಟವೆಲ್, ಚಪ್ಪಲಿ ಪ್ರತ್ಯೇಕವಿರಲಿ. ಬಚ್ಚಲಿನ ನೀರು ಅಂಗಳದಲ್ಲಿ ನಿಂತು ಮನೆಮಂದಿಯೆಲ್ಲ ಅದನ್ನೇ ತುಳಿದು ಓಡಾಡುವಂತಿದ್ದರೆ ಬಚ್ಚಲು ಗುಂಡಿ ನಿರ್ಮಿಸಿಕೊಳ್ಳುವುದು ಒಳಿತು.

ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಸ್ವಚ್ಛತಾ ಸಿಬ್ಬಂದಿಗೆ ಒಂದೇ ಜೊತೆ ಗಂಬೂಟು ಕೊಟ್ಟರೆ ಮಳೆಗಾಲದಲ್ಲಿ ಅದು ರಾತ್ರಿ ಕಳೆಯುವುದರೊಳಗೆ ಒಣಗುವುದಿಲ್ಲ; ಮರುದಿನ ಅದೇ ತೇವದೊಳಗೆ ಕಾಲಿಡಬೇಕಾಗುತ್ತದೆ. ಎರಡು ಜೊತೆ ಗಂಬೂಟು ಹಾಗೂ ಸಾಕಷ್ಟು ಹತ್ತಿ ಕಾಲುಚೀಲ ಒದಗಿಸಿ, ದಿನ ಬಿಟ್ಟು ದಿನ ಬದಲಿಸಿ ಬಿಸಿಲಿಗಿಡುವ ವ್ಯವಸ್ಥೆ ಮಾಡಿದರೆ ಖರ್ಚು ಅಲ್ಪ, ಪ್ರಯೋಜನ ದೊಡ್ಡದು.

ಉಗುರಿನಲ್ಲಿ ಬದಲಾವಣೆ ಕಂಡವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ತೋರಿಸಿಕೊಳ್ಳಬಹುದು. ಚರ್ಮರೋಗ ತಜ್ಞರ ಅಗತ್ಯ ಬಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬೀರೂರಿನಿಂದ ರೈಲಿನಲ್ಲಿ ಹೋಗುವವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಅನುಕೂಲ. ಪರೀಕ್ಷೆಗೆ ಹೋಗುವ ಮುನ್ನ ಉಗುರಿಗೆ ಗೋರಂಟಿ, ನೇಲ್ ಪಾಲಿಶ್ ಹಚ್ಚಿಕೊಳ್ಳಬಾರದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಟಿಯನ್ನೂ, ಈವರೆಗೆ ಹಚ್ಚಿದ ಮುಲಾಮಿನ ಟ್ಯೂಬನ್ನೂ ಜೊತೆಗೆ ಕೊಂಡೊಯ್ಯತಕ್ಕದ್ದು.